“ಯಾವ ಟೆಂಟ್ ತಗೊಳ್ಳಲಿ?” ಅಂತ ಕೇಳುವ ಎಲ್ಲರಿಗೂ

ಆಗಸ್ಟ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. “ಚಳಿಗಾಲದ ಬೇಟೆ ಕ್ಯಾಂಪಿಗೆ ಯಾವ ವಾಲ್ ಟೆಂಟ್ ಒಳ್ಳೆಯದು? ಒಲೆ ಯಾವುದು? ಒಂದೇ ಮಾತಲ್ಲಿ ಹೇಳಿಬಿಡಿ.” ವಾಲ್ ಟೆಂಟ್ ಅಂದರೆ ನೇರ ಗೋಡೆಯ, ಒಳಗೇ ಸೌದೆ ಒಲೆ ಉರಿಸುವ ದೊಡ್ಡ ಕ್ಯಾನ್ವಾಸ್ ಟೆಂಟು. ಒಂದೇ ಮಾತಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನಿರುವುದು ಅಮೆರಿಕದ ಮೊಂಟಾನಾದಲ್ಲಿ. ಇಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬಂದೂಕಿನ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗಿ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಭಾನುವಾರದ ತನಕ ಸುಮಾರು ಐದು ವಾರ ನಡೆಯುತ್ತದೆ. ನವೆಂಬರಿನಲ್ಲಿ ಬೆಟ್ಟದ ಮೇಲೆ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಊರಿನವರು “ಬೇಟೆ ಆಡ್ತೀಯಾ?” ಅಂತ ಗಾಬರಿಯಾಗುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಅದು ಸರಿಯಾಗಿಯೇ ಇದೆ. ಇಲ್ಲಿ ಲೈಸೆನ್ಸ್ ಇದೆ, ಲೆಕ್ಕ ಇದೆ, ಹೊಡೆದ ಪ್ರಾಣಿಯ ಮಾಂಸ ಹಾಳು ಮಾಡಿದರೆ ಕೇಸ್ ಇದೆ. ಆ ವಾದ ಇವತ್ತು ಬೇಡ. ಟೆಂಟಿಗೆ ಬರೋಣ.

ಒಂದು ಯುಗಾದಿ ಊಟದ ದಿನ, ಎಲೆಗೆ ಹೋಳಿಗೆ ಬಿದ್ದ ಹೊತ್ತಿಗೆ, ಪಕ್ಕದಲ್ಲಿ ಕೂತವರು ಫೋನ್ ತೆಗೆದು ಮುಖದ ಮುಂದೆ ಹಿಡಿದರು. “ಸರ್, ಇದು ಎಂಟು ಜನರ ಟೆಂಟು. ಒಲೆ ಕೊಳವೆಗೆ ತೂತೂ ಕೊಟ್ಟಿದ್ದಾರೆ. ತಗೊಂಡಾಯ್ತು. ಚೆನ್ನಾಗಿದೆ ಅಲ್ವಾ?” ನೈಲಾನ್ ಟೆಂಟು. ಎಂಟು ಜನ ಅಂದರೆ ಎಂಟು ಜನ ಭುಜಕ್ಕೆ ಭುಜ ತಾಗಿಸಿ ಮಲಗುವ ಲೆಕ್ಕ. ಒಲೆಗೆ ಜಾಗ ಎಲ್ಲಿ? ಬೂಟಿಗೆ, ಸೌದೆಗೆ, ಒದ್ದೆ ಜಾಕೆಟ್ಟಿಗೆ ಜಾಗ ಎಲ್ಲಿ? ನಾನು ಅದನ್ನೇನೂ ಹೇಳಲಿಲ್ಲ. “ನೀವು ಹೋಗುವ ಕಡೆ ಸೌದೆ ಯಾವುದು ಸಿಗುತ್ತೆ?” ಅಂತ ಮಾತ್ರ ಕೇಳಿದೆ. “ಕಾಡಲ್ವಾ ಸರ್, ಸಿಗುತ್ತೆ ಬಿಡಿ” ಅಂದರು. ಆಗ ನನಗೆ ನಿಜವಾಗಿ ಸಿಟ್ಟು ಬಂತು.

ಯಾಕೆಂದರೆ ಎಲ್ಲ ಶುರುವಾಗುವುದೇ ಸೌದೆಯಿಂದ. ಸೌದೆ ನೋಡಿ ಒಲೆ, ಒಲೆ ನೋಡಿ ಟೆಂಟು. ಎಲ್ಲರೂ ಇದನ್ನು ತಿರುಗಿಸಿ ಕೇಳುತ್ತಾರೆ. ನಮ್ಮ ಈ ರಾಕಿ ಬೆಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಲಾಡ್ಜ್‌ಪೋಲ್ ಪೈನ್. ಪೈನ್ ದುಂಬಿ ಕೊರೆದು ನಿಂತಲ್ಲೇ ಸತ್ತು ಒಣಗಿದ ಮರಗಳು ಬೇಕಾದಷ್ಟಿವೆ. ಬೇಗ ಹತ್ತಿಕೊಳ್ಳುತ್ತದೆ, ಜೋರಾಗಿ ಉರಿಯುತ್ತದೆ, ಬೇಗ ಮುಗಿದೂ ಹೋಗುತ್ತದೆ. ಓಕ್, ಮೇಪಲ್‌ನಂಥ ಗಟ್ಟಿ ಮರದ ಹಾಗೆ ರಾತ್ರಿಯಿಡೀ ಕೆಂಡ ಹಿಡಿಯುವುದಿಲ್ಲ. ಮಲೆನಾಡಿನಲ್ಲಿ ಬಚ್ಚಲ ಹಂಡೆಗೆ ಉರಿ ಹಾಕಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಂಡೆ ಒಲೆಗೆ ಹಸಿ ಸೌದೆ ತುರುಕಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ನೀವು ಆ ಬಚ್ಚಲಲ್ಲೇ ಮಲಗಿರುತ್ತೀರಿ.

ಹಾಗಾಗಿ ಒಲೆ ದೊಡ್ಡದಿರಲಿ, ದಪ್ಪ ತಗಡಿನದಿರಲಿ, ಗಾಳಿಯ ಬಾಗಿಲು ಬಿಗಿಯಾಗಿ ಮುಚ್ಚುವಂತಿರಲಿ. ಕುದುರೆ, ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋಗುವವರ ಲೆಕ್ಕ ಬೇರೆ. ಒಂದು ಹೇಸರಗತ್ತೆ ಹೊರುವುದು ಸುಮಾರು 70 ಕಿಲೋ. ಅವರು ಹಗುರವಾದ, ತೆಳು ತಗಡಿನ ಒಲೆಯನ್ನೇ ನೋಡಬೇಕು. ತೆಳು ಒಲೆಯ ತಳದಲ್ಲಿ ಎರಡು ಇಂಚು ಮರಳೋ ಜಲ್ಲಿಯೋ ಹಾಕಿ, ಇಲ್ಲದಿದ್ದರೆ ತಳವೇ ಸುಟ್ಟು ತೂತಾಗುತ್ತದೆ. ಹೊಸ ಒಲೆಯನ್ನು ಮೊದಲು ಹೊರಗೆ ಬಯಲಲ್ಲಿ ಉರಿಸಿ. ಬಣ್ಣ ಸುಡುವ ಹೊಗೆ ಟೆಂಟಿನೊಳಗೆ ಬೇಡ. ಒಲೆಯ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಡಿ. ಹೆಪ್ಪುಗಟ್ಟಿದ ನೆಲ ಸಂಜೆ ಕಲ್ಲಿನಂತೆಯೇ ಇರುತ್ತದೆ, ಮಧ್ಯರಾತ್ರಿಯ ಹೊತ್ತಿಗೆ ಬಿಸಿಗೆ ಕರಗಿ ಕೆಸರಾಗಿ, ಒಂದು ಕಾಲು ಕೆಳಗಿಳಿದು, ಇಡೀ ಕೊಳವೆ ಓರೆಯಾಗುತ್ತದೆ.

ಕೊಳವೆ ಟೆಂಟಿನ ನೆತ್ತಿಗಿಂತ ಮೇಲೆ ಹೋಗಬೇಕು. ಹೊಗೆ ಎಳೆಯುವುದಕ್ಕೂ ಅದು ಬೇಕು, ಕಿಡಿ ಬಟ್ಟೆಯ ಮೇಲೆ ಬೀಳದಿರಲಿಕ್ಕೂ ಬೇಕು. ತುದಿಯಲ್ಲಿ ಕಿಡಿ ತಡೆಯುವ ಜಾಲರಿ ಇರಲೇಬೇಕು. ಆ ಜಾಲರಿಯನ್ನು ಆಗಾಗ ಉಜ್ಜಲೂ ಬೇಕು. ಒಂದು ರಾತ್ರಿ ಪಕ್ಕದ ಕ್ಯಾಂಪಿನವರು ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ನಮ್ಮ ಟೆಂಟಿಗೆ ಬಂದರು. ಬೆಳಗಿನ ತನಕ ಉರಿ ಇರಲಿ ಅಂತ ಅರೆಹಸಿ ಸೌದೆ ತುಂಬಿ, ಗಾಳಿ ಪೂರ್ತಿ ಮುಚ್ಚಿ ಮಲಗಿದ್ದರಂತೆ. ಉರಿ ಇಲ್ಲದ ತಣ್ಣನೆಯ ಹೊಗೆ ಕೊಳವೆಯಲ್ಲೇ ಟಾರಿನ ಹಾಗೆ ಕಟ್ಟಿಕೊಳ್ಳುತ್ತದೆ. ಕೆಂಡವನ್ನೆಲ್ಲ ಬಕೆಟ್ಟಿಗೆ ತೋಡಿ ಹಿಮದ ಮೇಲೆ ಸುರಿದು, ಚರ್ಮದ ಕೈಗವಸು ಹಾಕಿ ಕೊಳವೆ ಬಿಚ್ಚಿದೆವು. ಜಾಲರಿಯಲ್ಲಿ ಒಂದು ಕಣ್ಣೂ ತೆರೆದಿರಲಿಲ್ಲ. ಟಾರ್ಚ್ ಬೆಳಕು ಹಿಡಿದರೆ ಆಚೆ ಕಾಣಲಿಲ್ಲ. ಚಾಕುವಿನಿಂದ ಕೆರೆದಾಗ ಹೊಳೆಯುವ ಕಪ್ಪು ಚೂರುಗಳು ಹಿಮದ ಮೇಲೆ ಉದುರಿದವು. ಅವರ ಪುಣ್ಯ, ಹೊಗೆಗೆ ಎಚ್ಚರವಾಗಿತ್ತು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ಯಾರನ್ನೂ ಎಬ್ಬಿಸುವುದಿಲ್ಲ.

ಈಗ ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಒಲೆ ಆರಿದ ಮೇಲೆ ಏನು ಮಾಡುತ್ತೀರಿ? ಇದನ್ನು ಯಾರಾದರೂ ಕೇಳಿದರೆ ಕೂರಿಸಿ, ಕಾಫಿ ಕೊಟ್ಟು, ಇಡೀ ಸಂಜೆ ಮಾತಾಡುತ್ತೇನೆ. ಪೈನ್ ಸೌದೆಯ ಒಲೆ ರಾತ್ರಿ ಆರುವುದೇ. ಕ್ಯಾನ್ವಾಸ್ ಗೋಡೆ ಶಾಖ ಹಿಡಿದಿಟ್ಟುಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೇ ಒಳಗೂ ಹೊರಗೂ ಒಂದೇ ಚಳಿ. ಆದ್ದರಿಂದ ಒಲೆಯೇ ಇಲ್ಲ ಅಂದುಕೊಂಡು ಸ್ಲೀಪಿಂಗ್ ಬ್ಯಾಗ್ ತಗೊಳ್ಳಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಗೂ ತಡೆಯುವಂಥದ್ದು. ಮಂಚದ ಮೇಲೆ ಮಲಗುವವರು ಬೆನ್ನಿನ ಕೆಳಗೆ ದಪ್ಪ ಮ್ಯಾಟ್ ಹಾಕಿ, ಚಳಿ ಕೆಳಗಿನಿಂದಲೇ ಬರುವುದು. ಟೆಂಟಿಗೆ ದುಡ್ಡು ಕಡಿಮೆ ಬಿದ್ದರೂ ಚಿಂತೆಯಿಲ್ಲ, ಬ್ಯಾಗಿಗೆ ಕಂಜೂಸು ಮಾಡಬೇಡಿ.

ಹಾಗಾದರೆ ಒಲೆ ಯಾಕೆ? ಒಣಗಿಸುವುದಕ್ಕೆ. ದಿನವಿಡೀ ಮೊಣಕಾಲುದ್ದ ಹಿಮದಲ್ಲಿ ನಡೆದು ಬಂದವರ ಸಾಕ್ಸು, ಕೈಗವಸು, ಬೂಟಿನ ಒಳಪದರ ಎಲ್ಲ ಒದ್ದೆ. ಮರುದಿನ ಬೆಳಿಗ್ಗೆ ಅವೇ ಒದ್ದೆ ಸಾಕ್ಸು ಹಾಕಿ ಹೊರಟರೆ ಬೆರಳು ಉಳಿಯುವುದಿಲ್ಲ. ಸಂಜೆ ಮೂರು ಗಂಟೆ, ಬೆಳಿಗ್ಗೆ ಒಂದು ಗಂಟೆ ಒಲೆ ಚೆನ್ನಾಗಿ ಉರಿದರೆ ಎಲ್ಲವೂ ಗರಿಗರಿಯಾಗಿ ಒಣಗುತ್ತದೆ. ನೆತ್ತಿಯ ಕೋಲಿನುದ್ದಕ್ಕೂ ಹಗ್ಗ ಕಟ್ಟಿ, ಒಲೆಯಿಂದ ದೂರ, ಎತ್ತರದಲ್ಲಿ ನೇತುಹಾಕಿ. ಹತ್ತಿ ಕ್ಯಾನ್ವಾಸೇ ಬೇಕು ಅನ್ನುವುದೂ ಇದಕ್ಕೇ. ಹಬೆ ಬಟ್ಟೆಯ ಮೂಲಕ ಹೊರಗೆ ಹೋಗುತ್ತದೆ. ನೈಲಾನಿನಲ್ಲಿ ಹನಿಯಾಗಿ ಮತ್ತೆ ತಲೆ ಮೇಲೆ ಬೀಳುತ್ತದೆ. ಕಿಡಿ ಬಿದ್ದರೆ ನೈಲಾನ್ ಕರಗುತ್ತದೆ, ಬೆಂಕಿ ತಡೆಯುವ ಮದ್ದು ಹಾಕಿದ ಕ್ಯಾನ್ವಾಸ್ ಸುಮ್ನೆ ಸಣ್ಣ ತೂತಾಗುತ್ತದೆ ಅಷ್ಟೆ.

ಅಳತೆ ಕೇಳಿಯೇ ಕೇಳುತ್ತೀರಿ. ಮೂರು ಜನಕ್ಕೆ 12 ಅಡಿಗೆ 14 ಅಡಿ. ನಾಲ್ಕು ಜನಕ್ಕೆ 14ಕ್ಕೆ 16. ಪಕ್ಕದ ಗೋಡೆ 5 ಅಡಿ ಎತ್ತರ ಇದ್ದರೆ ಮಂಚ ಗೋಡೆಗೆ ಸರಿಸಿ ಹಾಕಬಹುದು. ಒಲೆ ಬಾಗಿಲ ಹತ್ತಿರದ ಮೂಲೆಯಲ್ಲಿ, ಆದರೆ ಬಾಗಿಲಿಗೆ ಅಡ್ಡ ಬರಬಾರದು. ಬೆಂಕಿ ಹೊತ್ತಿಕೊಂಡರೆ ಓಡಬೇಕಾದ ದಾರಿ ಅದೊಂದೇ. ಬ್ಯಾಟರಿ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಮಲಗುವ ಮಟ್ಟದಲ್ಲಿ ಇರಲಿ, ಎದುರು ಗೋಡೆಯ ಕಿಟಕಿ ಎಂಥ ಚಳಿಯಿದ್ದರೂ ನಾಲ್ಕು ಬೆರಳಿನಷ್ಟು ತೆರೆದಿರಲಿ. ಮಾಡಿನ ಮೇಲೆ ಇನ್ನೊಂದು ಹೊದಿಕೆ ಎಳೆದು ಕಟ್ಟಿ, ಹಿಮ ಜಾರಿ ಹೋಗುತ್ತದೆ. ಅದು ಇಲ್ಲದಿದ್ದರೆ ಬಿದ್ದ ಹಿಮ ಒಳಗಿನ ಬಿಸಿಗೆ ಕರಗಿ, ಒಲೆ ಆರಿದ ಮೇಲೆ ಮತ್ತೆ ಗಡ್ಡೆ ಕಟ್ಟಿ, ಮಾಡು ಜೋತು ಬೀಳುತ್ತದೆ.

ಹೊಸ ಕ್ಯಾನ್ವಾಸ್ ಆದರೆ ಸೆಪ್ಟೆಂಬರಿನಲ್ಲೇ ಮನೆ ಹಿತ್ತಲಲ್ಲಿ ಕಟ್ಟಿ, ಪೈಪಿನಿಂದ ಚೆನ್ನಾಗಿ ನೆನೆಸಿ, ಒಣಗಿಸಿ, ಇನ್ನೊಂದು ಸಲ ನೆನೆಸಿ ಒಣಗಿಸಿ. ನೂಲು ಉಬ್ಬಿ ಹೊಲಿಗೆಯ ತೂತು ಮುಚ್ಚುತ್ತದೆ. ಸೀಸನ್ ಮುಗಿದು ವಾಪಸ್ ಬಂದ ದಿನವೇ ಮತ್ತೆ ಹರಡಿ ಒಣಗಿಸಬೇಕು. ಒದ್ದೆ ಮಡಿಸಿಟ್ಟರೆ ಬೂಷ್ಟು ಹಿಡಿದು ಬಟ್ಟೆಯೇ ಕೊಳೆಯುತ್ತದೆ. ಅಷ್ಟು ದೊಡ್ಡ ಬಟ್ಟೆ ಹರಡುವುದಕ್ಕೆ ಹಿತ್ತಲೋ ಗ್ಯಾರೇಜೋ ಇಲ್ಲದವರು, ಅಪಾರ್ಟ್‌ಮೆಂಟಿನಲ್ಲಿ ಇರುವವರು, ದಯವಿಟ್ಟು ಕೊಳ್ಳಬೇಡಿ. ಬಾಡಿಗೆಗೆ ಸಿಗುತ್ತದೆ, ಒಂದು ವಾರಕ್ಕೆ ತಗೊಂಡು ಹೋಗಿ ಬನ್ನಿ.