ಕಕ್ಕಡದ ಮಳೆಯಲ್ಲಿ ಟ್ರಂಪೆಟ್ ಆಯ್ಕೆ ಮಾಡಿದ್ದು

ನಮ್ಮ ಶಾಲೆಯ ಬ್ಯಾಂಡಿಗೆ ಹೊಸ ವಾದ್ಯ ತರಿಸಲು ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಕೊಟ್ಟಿದ್ದರು. ಮೀರತ್‌ನಿಂದ ದರಪಟ್ಟಿ ಬಂತು. ನಮ್ಮ ದೇಶದ ಬ್ಯಾಂಡ್ ವಾದ್ಯಗಳಲ್ಲಿ ಬಹುಪಾಲು ತಯಾರಾಗುವುದು ಆ ಊರಿನ ಜಲೀ ಕೋಠಿಯ ಗಲ್ಲಿಗಳಲ್ಲಿ. ಪಟ್ಟಿಯಲ್ಲಿ ಒಂದೊಂದು ಟ್ರಂಪೆಟ್‌ನ ಎದುರಿಗೂ ಮೂರು ಬೆಲೆ: ಲ್ಯಾಕರ್ ಎಂಬ ಪಾರದರ್ಶಕ ಮೆರುಗು, ನಿಕಲ್, ಬೆಳ್ಳಿ. ವಾದ್ಯ ಅದೇ, ಕೊಳವೆ ಅದೇ, ಮೈಮೇಲಿನ ಹೊದಿಕೆ ಮಾತ್ರ ಬೇರೆ. "ಬರೀ ಹೊಳಪಿಗೆ ಇಷ್ಟೊಂದು ದುಡ್ಡು ಯಾಕೆ ಮಾಷ್ಟ್ರೆ? ಲ್ಯಾಕರಿನದೇ ತರಿಸಿ" ಎಂದರು ಸಮಿತಿಯವರು. ನ್ಯಾಯವಾದ ಪ್ರಶ್ನೆಯೇ. ಬೇರೆಯವರ ದುಡ್ಡು ಕೈಯಲ್ಲಿರುವಾಗ ಉತ್ತರ ಗೊತ್ತಿಲ್ಲದೆ ಸಹಿ ಹಾಕುವಂತಿರಲಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಬ್ಯಾಂಡಿನ ನಾಲ್ಕೈದು ಮಕ್ಕಳನ್ನು ಕರೆದುಕೊಂಡು, ಶಾಲೆಯ ಹಳೆ ವಾದ್ಯಗಳನ್ನು ಜೀಪಿಗೆ ಹೇರಿಕೊಂಡು ಕೊಡಗಿನ ಮೂರ್ನಾಡಿನ ಕಡೆಗೆ ಹೊರಟೆ.

ಅಲ್ಲಿ ಇರುವವರು ಹವಾಲ್ದಾರ್ ಮಾವ. ಸೇನೆಯ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸಿ ನಿವೃತ್ತರಾದವರು, ಮಧ್ಯಪ್ರದೇಶದ ಪಚ್‌ಮಢಿಯ ಸೇನಾ ಸಂಗೀತ ಶಾಲೆಯಲ್ಲಿ ಕಲಿತವರು. ಊರಿಗೆ ಬಂದ ಮೇಲೆ ಕಾಫಿ, ಮೆಣಸು ಎಂದುಕೊಂಡಿದ್ದರೂ ದಿನಕ್ಕೊಮ್ಮೆ ವಾದ್ಯ ಕೈಗೆತ್ತಿಕೊಳ್ಳದೆ ಇರುವವರಲ್ಲ. ಕಕ್ಕಡ ತಿಂಗಳ ಮಳೆ ಜಡಿಯುತ್ತಿತ್ತು. ಜಗಲಿಯಲ್ಲಿ ಗೋಣಿ ಹಾಸಿ ವಾದ್ಯಗಳನ್ನೆಲ್ಲ ಸಾಲಾಗಿ ಇಟ್ಟೆವು. ಅತ್ತೆ ಮಕ್ಕಳಿಗೆಲ್ಲ ಮದ್ದುಸೊಪ್ಪಿನ ಪಾಯಸ ಕೊಟ್ಟರು, ಆ ಕಡುನೇರಳೆ ಬಣ್ಣ ಎಲ್ಲರ ತುಟಿಗೂ ಹತ್ತಿತು. "ಬಾಯಿ ತೊಳೆಯದೆ ಯಾರೂ ಊದಬಾರದು" ಎಂದು ಮಾವ ಮೊದಲ ಆಜ್ಞೆ ಹೊರಡಿಸಿದರು.

ಅವರು ಮೊದಲು ಕೈಗೆತ್ತಿಕೊಂಡದ್ದು ನಮ್ಮ ಶಾಲೆಯ ಲ್ಯಾಕರ್ ಟ್ರಂಪೆಟ್. ದೂರದಿಂದ ನೋಡಿದರೆ ಇನ್ನೂ ಬಂಗಾರದ ಹೊಳಪು. ಬೆಳಕಿಗೆ ಹಿಡಿದು, ಎಡಗೈ ಹಿಡಿಯುವ ಜಾಗ ತೋರಿಸಿದರು. ಬೆರಳಿನಿಂದ ಒತ್ತುವ ವಾಲ್ವುಗಳ ಪಕ್ಕದಲ್ಲಿ ಉಗುರಿನಷ್ಟು ಕಡೆ ಲ್ಯಾಕರ್ ಎದ್ದುಹೋಗಿ ಹಿತ್ತಾಳೆ ಕಂದಾಗಿತ್ತು. ಅದಲ್ಲ ವಿಷಯ. ಅದರ ಅಂಚಿನಿಂದ ಹೊರಟು, ಇನ್ನೂ ಗಟ್ಟಿಯಾಗಿದೆ ಎಂದು ನಾವು ನಂಬಿದ್ದ ಲ್ಯಾಕರಿನ ಅಡಿಯಲ್ಲೇ, ಕೂದಲೆಳೆಯಂಥ ಕಪ್ಪು ಗೆರೆಗಳು ಕವಲೊಡೆಯುತ್ತಾ ಮುಂದೆ ಹೋಗಿದ್ದವು. ಮೇಲೆ ಬೆರಳಾಡಿಸಿದರೆ ನುಣುಪು. ಕೆಳಗೆ ಲೋಹ ಕೆಡುತ್ತಿದೆ. ವಾದ್ಯದ ಅರಳಿದ ಬಾಯಿಯ, ಅಂದರೆ ಬೆಲ್‌ನ, ಅಂಚಿನ ಮಡಿಕೆಯಲ್ಲಿ ಹಸಿರು ಕಿಲುಬು ಕೂತಿತ್ತು, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕದಡುವಾಗ ಡ್ರಮ್ಮಿನ ಬಾಯಿಗೆ ಹತ್ತುವ ಮೈಲುತುತ್ತಿನ ಹಾಗೆ. ಹಾಗೆ ಕಂಡದ್ದು ಆಶ್ಚರ್ಯವಲ್ಲ, ಎರಡೂ ತಾಮ್ರದ ಲವಣಗಳೇ.

ಟ್ರಂಪೆಟ್‌ಗೆ ಬಳಸುವ ಸಾಮಾನ್ಯ ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬರಿಮೈಯಲ್ಲಿ ಬಿಟ್ಟರೆ ಬೆವರು, ತೇವ, ಗಾಳಿ ಸೇರಿ ಅದನ್ನು ಕಂದಿಸುತ್ತವೆ. ಲ್ಯಾಕರ್ ಎಂದರೆ ಅದರ ಮೇಲೆ ಸಿಂಪಡಿಸಿ ಒಣಗಿಸಿದ ಪಾರದರ್ಶಕ ಪದರ. ಹಿಂದೆ ನೈಟ್ರೋಸೆಲ್ಯುಲೋಸ್ ಇರುತ್ತಿತ್ತು, ಈಗ ಹೆಚ್ಚಾಗಿ ಎಪಾಕ್ಸಿ, ಅಕ್ರಿಲಿಕ್ ಜಾತಿಯವು. ಅದು ಇಡಿಯಾಗಿರುವಷ್ಟು ದಿನ ಬಹಳ ಸುಖ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಆದರೆ ಅದು ಲೋಹದೊಡನೆ ಒಂದಾದ ಪದರ ಅಲ್ಲ. ಒಂದು ಗೀರು ಬಿದ್ದರೆ ತೇವಕ್ಕೆ ಬಾಗಿಲು ತೆರೆದಂತೆ. ಮತ್ತೆ ಲ್ಯಾಕರ್ ಹಾಕಿಸಬೇಕಾದರೆ ಹಳೆಯದನ್ನು ಪೂರ್ತಿ ತೆಗೆದು, ಹಿತ್ತಾಳೆಯನ್ನು ಬಫ್ ಮಾಡಬೇಕು, ಅಂದರೆ ಉಜ್ಜಿ ನುಣುಪು ಮಾಡಬೇಕು. ಬೆಲ್‌ನ ತಗಡು ಇರುವುದೇ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಪ್ರತಿ ಬಫಿಂಗಿಗೂ ಅದು ಸವೆಯುತ್ತದೆ, ಕೆತ್ತಿದ ಹೆಸರು, ಚಿತ್ತಾರ ಮಸುಕಾಗುತ್ತವೆ.

ಆಮೇಲೆ ಮಾವ ಒಳಗಿನಿಂದ ತಮ್ಮ ಟ್ರಂಪೆಟ್ ತಂದರು. ನಮ್ಮದರ ಮಾದರಿಯೇ, ತಯಾರಕರೂ ಅವರೇ, ಬೆಳ್ಳಿ ಲೇಪದ್ದು. ವಯಸ್ಸಿನಲ್ಲಿ ನಮ್ಮದಕ್ಕಿಂತ ಹಿರಿದು. ಫ್ಲಾನೆಲ್ ಬಿಚ್ಚಿದಾಗ ಮಕ್ಕಳ ಬಾಯಿಂದ "ಅಬ್ಬ" ಎಂದು ಬಂತು. ಹತ್ತಿರ ಹೋಗಿ ನೋಡಿದರೆ ಅದೂ ನಿಷ್ಕಳಂಕವಲ್ಲ. ವಾಲ್ವುಗಳ ಸಂದಿಯಲ್ಲಿ ತಿಳಿ ಹಳದಿ, ಬಾಗುಗಳ ಒಳಬದಿಯಲ್ಲಿ ಕಂದು. ಬಾಯಿಗೆ ಇಡುವ ಮೌತ್‌ಪೀಸ್ ಸಿಕ್ಕಿಸುವ ಲೀಡ್ ಪೈಪ್ ಎಂಬ ಕೊಳವೆಯ ಸುತ್ತ ಮಾತ್ರ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಷ್ಟು ಖಚಿತವಾಗಿ ಒಂದು ಕಪ್ಪು ಉಂಗುರ.

"ಇದು ಯಾವುದರದ್ದು ಹೇಳಿ ನೋಡುವ" ಎಂದರು ಮಾವ. ಮಕ್ಕಳಿಗೆ ಹೊಳೆಯಲಿಲ್ಲ. ಮೊಮ್ಮಗ ಸಂಗೀತದ ಚೀಟಿ ಸಿಕ್ಕಿಸಲು ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದನಂತೆ. ಕೆಲವೇ ದಿನಗಳಲ್ಲಿ ಬೆಳ್ಳಿ ಕಪ್ಪಾಯಿತು.

ಇಲ್ಲಿಂದ ನನಗೆ ಪಾಠ ಮಾಡುವ ಹುರುಪು ಬಂತು. ಬೆಳ್ಳಿ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೆ ಆಗದಿರುವುದು ಗಂಧಕ. ಗಾಳಿಯಲ್ಲಿ ಲವಲೇಶ ಇರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಗೆ ತಗುಲಿದರೆ ಸಿಲ್ವರ್ ಸಲ್ಫೈಡ್ ಆಗುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇದಕ್ಕೆ ವೇಗ ಬರುತ್ತದೆ. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಸೇರಿಸಿ, ಉಣ್ಣೆಯಲ್ಲಿ ಗಂಧಕ ಇದೆ, ಮೊಟ್ಟೆಯಲ್ಲಿದೆ, ಈರುಳ್ಳಿಯಲ್ಲಿದೆ. ಕೊಡಗಿನ ಮನೆಗಳಿಗೆ ಇದು ಹೊಸ ಸುದ್ದಿಯೇನಲ್ಲ. ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟ ಪೀಚೆಕತ್ತಿಯ ಬೆಳ್ಳಿ ಪುತ್ತರಿಗೋ ಮದುವೆಗೋ ಹೊರಗೆ ತೆಗೆಯುವಾಗ ಕಪ್ಪಿಟ್ಟಿರುತ್ತದೆ. ಹಾಗೆಂದು ಯಾರೂ ಅದನ್ನು ಕೆಟ್ಟುಹೋಯಿತು ಎನ್ನುವುದಿಲ್ಲ, ತಿಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ನಾನು ಹೇಳಬೇಕಾದದ್ದೂ ಅದನ್ನೇ. ಬೆಳ್ಳಿಗೆ ಆಗುವುದೆಲ್ಲ ಕಣ್ಣಿಗೆ ಕಾಣುವ ಹಾಗೆ ಆಗುತ್ತದೆ, ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತದೆ. ಲ್ಯಾಕರ್ ತನ್ನ ಅಡಿಯಲ್ಲಿ ನಡೆಯುವುದನ್ನು ಬಹಳ ದಿನ ಮುಚ್ಚಿಡುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ, ಚಪ್ಪಲಿಗೆ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ.

ಬೆಳ್ಳಿ ಲೇಪ ವಿದ್ಯುತ್ತಿನಿಂದ ಆಗುವ ಕೆಲಸ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲ್ಕಿಂಗ್ಟನ್ ಮನೆತನದವರು 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸಯನೈಡ್ ಇರುವ ಬೆಳ್ಳಿಯ ದ್ರಾವಣದಲ್ಲಿ ಹಿತ್ತಾಳೆಯನ್ನು ಮುಳುಗಿಸಿ ವಿದ್ಯುತ್ ಹರಿಸಿದರೆ ಬೆಳ್ಳಿ ಕಣಕಣವಾಗಿ ಬಂದು ಲೋಹಕ್ಕೇ ಕಚ್ಚಿಕೊಳ್ಳುತ್ತದೆ. ಲ್ಯಾಕರಿನಂತೆ ಹಪ್ಪಳ ಏಳುವುದು ಅಪರೂಪ. ಮುಂದೆ ಇಂಗ್ಲೆಂಡಿನ ಕಾರ್ಮಿಕರ ಬ್ಯಾಂಡುಗಳು ಬೆಳ್ಳಿ ಲೇಪದ ವಾದ್ಯ ಕೊಂಡದ್ದನ್ನು ಹೆಮ್ಮೆಯಿಂದ ಸಾರಲು ತಮ್ಮ ಹೆಸರಿಗೇ 'ಸಿಲ್ವರ್ ಬ್ಯಾಂಡ್' ಎಂದು ಸೇರಿಸಿಕೊಂಡವು. ಗಣಿಯಲ್ಲಿ, ಗಿರಣಿಯಲ್ಲಿ ದುಡಿದವರು ಚಂದಾ ಎತ್ತಿ ಬೆಳ್ಳಿಯ ವಾದ್ಯ ತರಿಸಿದ್ದನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ.

ನಾದದ ಮಾತು ಬಂದಾಗ ಮಾವನಿಗೂ ನನಗೂ ಹೊಂದಾಣಿಕೆ ಆಗಲಿಲ್ಲ. "ಬೆಳ್ಳಿಯದಕ್ಕೆ ಇನಿ ಜಾಸ್ತಿ, ಲ್ಯಾಕರಿನದು ಸ್ವಲ್ಪ ಬಿಗಿ" ಎಂಬುದು ಅವರ ಗಟ್ಟಿ ನಂಬಿಕೆ. ಅವರೊಬ್ಬರದೇ ಅಲ್ಲ. ಷಿಕಾಗೊ ಸಿಂಫನಿಯಲ್ಲಿ ಟ್ರಂಪೆಟ್ ನುಡಿಸಿ, ಮುಂದೆ ದೊಡ್ಡ ತಯಾರಕರಾದ ರೆನಾಲ್ಡ್ ಶಿಲ್ಕೆ ಕೂಡ ದಪ್ಪ ಲ್ಯಾಕರ್ ಬೆಲ್‌ನ ಕಂಪನವನ್ನು ಅಡಗಿಸುತ್ತದೆ, ತೆಳು ಬೆಳ್ಳಿ ಹಾಗೆ ಮಾಡುವುದಿಲ್ಲ ಎಂದೇ ವಾದಿಸಿದವರು. ಆದರೆ ಇಂಗ್ಲೆಂಡಿನಲ್ಲಿ ವಾದ್ಯ ವಿನ್ಯಾಸ ಮಾಡುತ್ತಿದ್ದ ರಿಚರ್ಡ್ ಸ್ಮಿತ್ ಎಂಬವರು 1980ರ ದಶಕದಲ್ಲಿ ಬೇರೆ ಬೇರೆ ದಪ್ಪದ ಬೆಲ್ ಇರುವ ಟ್ರೊಂಬೋನ್‌ಗಳನ್ನು, ಯಾವುದು ಯಾವುದೆಂದು ತಿಳಿಯದ ಹಾಗೆ, ನುರಿತ ವಾದಕರ ಕೈಗೆ ಕೊಟ್ಟು ನೋಡಿದರು. ಅವರಿಂದ ಬೇರ್ಪಡಿಸಿ ಹೇಳಲು ಆಗಲಿಲ್ಲ. ತಗಡಿನ ದಪ್ಪವೇ ಕಿವಿಗೆ ಸಿಗದಿದ್ದರೆ ಅದರ ಮೇಲಿನ ಪದರ ಸಿಗುವುದು ಹೇಗೆ? ನಾದ ಹುಟ್ಟುವುದು ಕೊಳವೆಯೊಳಗಿನ ಗಾಳಿಯ ಕಂಪನದಿಂದ. ಮೌತ್‌ಪೀಸ್‌ನ ಬಟ್ಟಲು, ಲೀಡ್ ಪೈಪಿನ ಇಳಿಜಾರು, ಬೆಲ್ ಅರಳುವ ರೀತಿ, ಎಲ್ಲಕ್ಕಿಂತ ಹೆಚ್ಚಾಗಿ ಊದುವವರ ತುಟಿ, ಉಸಿರು, ಇವು ಅದನ್ನು ನಿರ್ಧರಿಸುತ್ತವೆ.

ಮಾವ ಒಪ್ಪಲಿಲ್ಲ, ಪರೀಕ್ಷೆಗೆ ಮಾತ್ರ ಒಪ್ಪಿದರು. ಮಕ್ಕಳು ಅಂಗಳದ ಕಡೆ ಮುಖ ಮಾಡಿ ಕೂತರು. ಮಾವ ಹಿಂದೆ ನಿಂತು, ಒಂದೇ ಮೌತ್‌ಪೀಸ್ ಎರಡಕ್ಕೂ ಸಿಕ್ಕಿಸುತ್ತಾ, ಒಂದೇ ಸಾಲನ್ನು ಒಮ್ಮೆ ಇದರಲ್ಲಿ ಒಮ್ಮೆ ಅದರಲ್ಲಿ ನುಡಿಸಿದರು. ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದರೂ ಆ ನಾದ ತೋಟದ ಆಚೆಗೂ ಕೇಳಿಸಿರಬೇಕು. ಮಕ್ಕಳ ಉತ್ತರಗಳು ಕಲಸುಮೇಲೋಗರ. ಬೆಳ್ಳಿ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದ್ದು ಲ್ಯಾಕರಿನದಾಗಿತ್ತು. ಆಮೇಲೆ ನಾನು ನುಡಿಸಿದೆ, ಮಾವ ಕೇಳಿದರು. ಅವರ ಉತ್ತರವೂ ಸರಿಯಾಗಿ ಬೀಳಲಿಲ್ಲ. "ಕೇಳುವವರಿಗೆ ಗೊತ್ತಾಗದೇ ಇರಬಹುದು. ನುಡಿಸುವ ಕೈಗೆ ಗೊತ್ತಾಗ್ತದೆ" ಎಂದರು. ಆ ಮಾತನ್ನು ನಾನು ತಳ್ಳಿಹಾಕಲಾರೆ. ಕೈಗೆ ಹಿತವೆನಿಸಿದ ವಾದ್ಯವನ್ನು ಮನುಷ್ಯ ಹೆಚ್ಚು ಹೊತ್ತು ನುಡಿಸುತ್ತಾನೆ. ಆದರೆ ಸಮಿತಿಯ ದುಡ್ಡನ್ನು ನಾದದ ಹೆಸರಿನಲ್ಲಿ ಬೆಳ್ಳಿಗೆ ಸುರಿಯುವುದು ಸರಿಯಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಬೆಳ್ಳಿ ಬೇಕಾದರೆ ಬಾಳಿಕೆಗೆ ಬೇಕು.

ನಿಕಲ್ ಬಗ್ಗೆ ಚರ್ಚೆ ಬೇಗ ಮುಗಿಯಿತು. ಅಗ್ಗ, ಗಟ್ಟಿ, ಬೆಳ್ಳಿಯಂತೆ ಕಪ್ಪಾಗುವುದಿಲ್ಲ. ದೂರದಿಂದ ಬೆಳ್ಳಿ ಎಂದೇ ಮೋಸಹೋಗಬಹುದು. ಆದರೆ ನಮ್ಮ ಬ್ಯಾಂಡಿನಲ್ಲಿ ಇಮಿಟೇಷನ್ ಓಲೆ ಹಾಕಿದರೆ ಕಿವಿ ತುರಿಸುವ ಹುಡುಗಿಯರಿದ್ದಾರೆ. ಅಂಥ ತುರಿಕೆಗೆ ಬಹಳ ಸಲ ನಿಕಲ್ಲೇ ಕಾರಣ. ಗಂಟೆಗಟ್ಟಲೆ ಕೈಯಲ್ಲಿ ಹಿಡಿಯುವ ವಸ್ತುವಿಗೆ ಅದು ಬೇಡ.

ಮಕ್ಕಳಲ್ಲಿ ಹತ್ತನೆಯ ತರಗತಿಯ ಒಬ್ಬಳ ಬೆವರು ವಿಚಿತ್ರ ಖಾರ. ಅವಳು ಹಿಡಿದ ವಾದ್ಯದ ಲ್ಯಾಕರ್ ಒಂದೇ ವರ್ಷದಲ್ಲಿ ಬೆರಳಿನ ಗುರುತಿನಂತೆ ಕಿತ್ತುಬರುತ್ತದೆ. ತನ್ನದೇ ತಪ್ಪೇನೋ ಎಂದು ಆ ಮಗು ಇಷ್ಟು ದಿನ ಕುಗ್ಗಿತ್ತು. "ನಮ್ಮ ಬ್ಯಾಂಡಿನಲ್ಲಿ ಅಂಥವರು ಎಷ್ಟೋ ಜನ ಇದ್ದರು ಮಗಾ, ಅವರ ಕೈಗೆ ಬೆಳ್ಳಿಯೇ ಸರಿ" ಎಂದು ಮಾವ ಹೇಳಿದಾಗ ಅವಳ ಮುಖ ಅರಳಿದ್ದನ್ನು ನೋಡಿದೆ. ಆ ಮಧ್ಯಾಹ್ನದ ಅರ್ಧ ಫಲ ನನಗೆ ಅಲ್ಲೇ ಸಿಕ್ಕಿತು.

ಎಲ್ಲಕ್ಕಿಂತ ಕಳವಳ ತಂದದ್ದು ಹೊದಿಕೆಗೆ ಸಂಬಂಧಪಡದ ಒಂದು ಸಂಗತಿ. ನಮ್ಮ ಹಳೆ ವಾದ್ಯವೊಂದರ ಲೀಡ್ ಪೈಪಿನ ಮೇಲೆ ಸಾಸಿವೆ ಗಾತ್ರದ ಗುಲಾಬಿ ಚುಕ್ಕೆಗಳಿದ್ದವು. ಎಂಜಲಿನ ತೇವ ಒಳಗೇ ಉಳಿದು ಹಿತ್ತಾಳೆಯಿಂದ ಸತು ಕರಗಿಹೋಗಿ, ತಾಮ್ರ ಮಾತ್ರ ಉಳಿದಾಗ ಬರುವ ಬಣ್ಣ ಅದು. ಒಳಗಿನಿಂದ ತಿನ್ನುತ್ತಾ ಬಂದು ಕೊನೆಗೆ ಹೊರಗೆ ಕಾಣುತ್ತದೆ. ಇದನ್ನು ಲ್ಯಾಕರೂ ತಡೆಯದು, ಬೆಳ್ಳಿಯೂ ತಡೆಯದು. ಹಬ್ಬಕ್ಕೆ ಊದುವ ನಮ್ಮ ಕೊಂಬಿಗೆ ಯಾವ ಹೊದಿಕೆಯೂ ಇಲ್ಲ. ಹುಣಸೆಹುಳಿ ಹಾಕಿ ತಿಕ್ಕಿದರೆ ಝಗಝಗ. ಟ್ರಂಪೆಟ್‌ಗೆ ಆ ಉಪಚಾರ ನಡೆಯದು, ವಾಲ್ವುಗಳ ಸೂಕ್ಷ್ಮ ಸಂದಿಗೆ ಹುಳಿ ಇಳಿದರೆ ಕೆಲಸ ಕೆಟ್ಟಿತು. ನುಡಿಸಿದ ಮೇಲೆ ನೀರು ಚೆಲ್ಲಿ, ಒಳಗೆ ಬ್ರಷ್ ಎಳೆದು, ಒಣಗಿಸಿ ಇಡುವುದೊಂದೇ ದಾರಿ.

ಮಾವ ಇನ್ನೊಂದು ವಿಷಯದಲ್ಲಿ ಕಟ್ಟುನಿಟ್ಟು. ನಿವೃತ್ತ ಸೈನಿಕರಿರುವ ಕೊಡಗಿನ ಮನೆಗಳಲ್ಲಿ ಲೋಹಕ್ಕೆ ಹೊಳಪು ಕೊಡುವ ಬ್ರಾಸೋ ಡಬ್ಬಿ ಕಾಣುವುದು ಸಹಜ. ಬೆಲ್ಟಿನ ಬಕಲಿಗೆ, ಗುಂಡಿಗೆ ಅದು ಸರಿ, ವಾದ್ಯಕ್ಕೆ ಸಲ್ಲದು. ಅದರಲ್ಲಿ ಉಜ್ಜುವ ಪುಡಿ ಇದೆ. ಲ್ಯಾಕರನ್ನು ಗೀರುತ್ತದೆ, ಕೆಲವೇ ಮೈಕ್ರಾನ್ ದಪ್ಪದ ಬೆಳ್ಳಿಯನ್ನು ಸವೆಸುತ್ತದೆ. ಬೆಳ್ಳಿಗೆಂದೇ ಇರುವ ಬಟ್ಟೆಯಲ್ಲಿ, ಅದೂ ಅಗತ್ಯವಿದ್ದಾಗ ಮಾತ್ರ, ಹಗುರವಾಗಿ ಒರೆಸಬೇಕು. ತಿಕ್ಕಿದಷ್ಟೂ ಬೆಳ್ಳಿ ಬಟ್ಟೆಗೆ ಹೋಗುತ್ತದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆರ್ಡರ್ ಬರೆದೆವು. ಟ್ರಂಪೆಟ್‌ಗಳೆಲ್ಲ ಬೆಳ್ಳಿ, ಏಕೆಂದರೆ ಅವು ಸದಾ ಬೆವರುವ ಕೈಯಲ್ಲಿ. ಯುಫೋನಿಯಂ ಮತ್ತು ಸೂಸಾಫೋನ್ ಲ್ಯಾಕರ್, ಅಷ್ಟು ದೊಡ್ಡ ಮೈಗೆ ಬೆಳ್ಳಿ ನೀರು ಕುಡಿಸಲು ನಮ್ಮ ದುಡ್ಡು ಸಾಲದು, ಕೈ ತಗಲುವ ಜಾಗಕ್ಕೆ ಚರ್ಮದ ಪಟ್ಟಿ ಹಾಕಿಕೊಳ್ಳಬಹುದು. ಮೌತ್‌ಪೀಸ್‌ಗಳು ಮಾತ್ರ ಯಾವ ವಾದ್ಯದ್ದಾದರೂ ಬೆಳ್ಳಿಯದೇ, ಬರಿ ಹಿತ್ತಾಳೆ ಮಕ್ಕಳ ತುಟಿಗೆ ಒಳ್ಳೆಯದಲ್ಲ. ಜನವರಿ 28ಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಜಯಂತಿಗೆ ಮೊದಲು ಕೈಸೇರಬೇಕು ಎಂದೂ ಬರೆದೆ. ಮಾವ ಕಾಗದ ತೆಗೆದುಕೊಂಡು ಓದಿ, ಕನ್ನಡಕ ಸರಿಮಾಡಿಕೊಂಡು, ಕೆಳಗೆ ತಮ್ಮ ಕೈಯಲ್ಲೇ ಹಿಂದಿಯಲ್ಲಿ ಎರಡು ಸಾಲು ಸೇರಿಸಿದರು: ಪೆಟ್ಟಿಗೆಯೊಳಗೆ ರಬ್ಬರ್ ಹಾಸು ಹಾಕಬೇಡಿ, ಬೆಳ್ಳಿಯ ಒಂದೊಂದು ವಾದ್ಯಕ್ಕೂ ಒಂದೊಂದು ಹತ್ತಿಯ ಫ್ಲಾನೆಲ್ ಚೀಲ ಕಳಿಸಿ, ಅದರ ದುಡ್ಡು ಬೇರೆ ಕೊಡುತ್ತೇವೆ.