ಎರಡು ನಗೆಗಳ ನಡುವಿನ ಬಿಡುವು

2025ರ ಫೆಬ್ರುವರಿ 20, ಗುರುವಾರ ಸಂಜೆ, ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಒಂದು ಚಿತ್ರಮಂದಿರದಲ್ಲಿ ನಾನು ಮತ್ತು ಅಮ್ಮ ಆಸ್ಕರ್ ವೈಲ್ಡ್ ಬರೆದ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನೋಡಿದೆವು. ನೋಡಿದ್ದು ಸಿನಿಮಾ ಅಲ್ಲ, ನಾಟಕವೇ. ಲಂಡನ್ನಿನ ನ್ಯಾಷನಲ್ ಥಿಯೇಟರಿನ ಲಿಟಲ್ಟನ್ ರಂಗಮಂದಿರದಲ್ಲಿ, ಸುಮಾರು 890 ಆಸನಗಳಲ್ಲಿ ಕೂತ ಜನರೆದುರು ಆಡಿದ ಪ್ರದರ್ಶನವನ್ನು ಚಿತ್ರೀಕರಿಸಿ ಊರೂರಿನ ಚಿತ್ರಮಂದಿರಗಳಿಗೆ ಕಳಿಸಿದ್ದರು. ನ್ಯಾಷನಲ್ ಥಿಯೇಟರ್ ಈ ಕೆಲಸವನ್ನು 2009ರಿಂದ ಮಾಡುತ್ತಾ ಬಂದಿದೆ. ನಾವು ನೋಡುವ ಹೊತ್ತಿಗೆ ಲಿಟಲ್ಟನ್ನಿನಲ್ಲಿ ಆ ಪ್ರದರ್ಶನಗಳು ಮುಗಿದಿದ್ದವು. ಪರದೆಯ ಮೇಲೆ ಕಂಡ ನಟರೆಲ್ಲ ಅಷ್ಟರಲ್ಲಿ ಬೇರೆ ಬೇರೆ ಕೆಲಸಗಳಿಗೆ ಚದುರಿಹೋಗಿದ್ದಿರಬೇಕು.

ಅಮ್ಮನಿಗೆ ಎಪ್ಪತ್ತೆರಡು. ತುಮಕೂರಿನಿಂದ ಮೂರು ತಿಂಗಳ ಮಟ್ಟಿಗೆ ನನ್ನ ಮನೆಗೆ ಬಂದಿದ್ದಳು. ಬಿ.ಎ. ಓದುವಾಗ ಈ ನಾಟಕ ಅವಳಿಗೆ ಪಠ್ಯವಾಗಿತ್ತು. ಹೋಗೋಣವೇ ಎಂದು ನಾನು ಕೇಳಿದಾಗ ಕ್ಷಣವೂ ಯೋಚಿಸದೆ ಒಪ್ಪಿದಳು, ಬಸ್ಸಿನಲ್ಲಿ ಹೋಗುವಾಗ ಮಾತ್ರ ಒಂದು ಮಾತು ಹೇಳಿದಳು: “ಮೇಷ್ಟ್ರು ಒಂದೊಂದು ಸಾಲಿಗೂ ನೋಟ್ಸ್ ಬರೆಸೋರು ಕಣೇ. ಯಾವ ಸಾಲು ಯಾಕೆ ತಮಾಷೆ ಅಂತ ಪರೀಕ್ಷೇಲಿ ಬರೆದು ಪಾಸಾಗಿದೀನಿ. ಆದ್ರೆ ಅದನ್ನ ಕೇಳಿ ಯಾರಾದ್ರೂ ನಕ್ಕಿದ್ದು ನಾನು ಕೇಳಿಲ್ಲ.” ಆ ಮಾತು ಕೇಳಿದ ಮೇಲೆ, ಆ ಸಂಜೆ ನನ್ನ ಗಮನ ಪರದೆಯ ಮೇಲಿದ್ದಷ್ಟೇ ನಮ್ಮ ಸುತ್ತ ಕೂತಿದ್ದವರ ಮೇಲೂ ಇತ್ತು.

ಮಂದಿರದ ಮುಕ್ಕಾಲು ಪಾಲು ತುಂಬಿತ್ತು. ಮುಂದಿನ ಸಾಲುಗಳಲ್ಲಿ ಹತ್ತಿಪ್ಪತ್ತು ಯುವಕ ಯುವತಿಯರಿದ್ದರು. ಆಲ್ಜರ್ನನ್ ಪಾತ್ರ ವಹಿಸಿದ್ದ ಶುಟಿ ಗಾಟ್ವಾ ‘ಡಾಕ್ಟರ್ ಹೂ’ ಧಾರಾವಾಹಿಯಿಂದ ಅವರಿಗೆ ಪರಿಚಿತರು, ಅವರು ಬಂದದ್ದೇ ಆತನಿಗಾಗಿ. ನಮ್ಮ ಸಾಲಿನಲ್ಲಿ, ಹಿಂದಿನ ಸಾಲುಗಳಲ್ಲಿ ಅಮ್ಮನ ವಯಸ್ಸಿನ ಇಂಗ್ಲಿಷರು, ಹೆಚ್ಚಾಗಿ ದಂಪತಿಗಳು, ಕೋಟು ಕಳಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಿರ್ದೇಶಕ ಮ್ಯಾಕ್ಸ್ ವೆಬ್‌ಸ್ಟರ್ ನಾಟಕದ ಮೊದಲ ಮಾತಿಗೂ ಮುಂಚೆ ಒಂದು ದೃಶ್ಯ ಸೇರಿಸಿದ್ದಾರೆ: ಗಾಟ್ವಾ ಗುಲಾಬಿ ಬಣ್ಣದ ಉದ್ದನೆಯ ಗೌನು ತೊಟ್ಟು ಪಿಯಾನೊ ನುಡಿಸುತ್ತಾರೆ. ಮುಂದಿನ ಸಾಲುಗಳಿಂದ ಕೇಕೆ ಎದ್ದಿತು, ಹಿಂದಿನ ಸಾಲುಗಳು ಮೌನವಾಗಿದ್ದವು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ತಮ್ಮ ಊರುಗೋಲನ್ನು ಮೊಣಕಾಲಿನ ನಡುವೆ ನಿಲ್ಲಿಸಿ, ಅದರ ಹಿಡಿಯ ಮೇಲೆ ಎರಡೂ ಕೈಗಳನ್ನಿಟ್ಟುಕೊಂಡು, ತೀರ್ಪು ಹೇಳಲು ಕೂತವರಂತೆ ಅಲುಗದೆ ನೋಡುತ್ತಿದ್ದರು.

ಮೊದಲ ಇಪ್ಪತ್ತು ನಿಮಿಷ ನನಗೆ ಕಷ್ಟವಾಯಿತು. ಲಂಡನ್ನಿನ ಜನ ನಗುತ್ತಿದ್ದರು, ನಮ್ಮ ಮಂದಿರ ಆ ನಗೆಯನ್ನು ಕೇಳಿಸಿಕೊಳ್ಳುತ್ತಿತ್ತು. ಧ್ವನಿವರ್ಧಕದಿಂದ ಬರುವ ಪರಊರಿನ ನಗೆಯ ನಡುವೆ ಕತ್ತಲಲ್ಲಿ ಸುಮ್ಮನೆ ಕೂತಿರುವುದು, ಪಕ್ಕದ ಮನೆಯ ಮದುವೆಯ ಸದ್ದನ್ನು ಗೋಡೆಯ ಈಚೆಯಿಂದ ಆಲಿಸಿದಂತಿತ್ತು.

ಇದಕ್ಕೆ ಕಾರಣ ನಮ್ಮ ಬಿಗುಮಾನವಲ್ಲ, ನಾಟಕ ಕಟ್ಟಿರುವ ಬಗೆ. ವೈಲ್ಡ್‌ನ ಮಾತುಗಳು ಒಂದರ ಬೆನ್ನಿಗೆ ಇನ್ನೊಂದರಂತೆ ಬರುತ್ತವೆ. ಒಂದು ಮಾತಿಗೆ ನಕ್ಕು ಮುಗಿಸುವಷ್ಟರಲ್ಲಿ ಅದಕ್ಕಿಂತ ಮೊನಚಾದ ಉತ್ತರ ಬಂದುಬಿಟ್ಟಿರುತ್ತದೆ. ರಂಗದ ಮೇಲಿನ ನಟನಿಗೆ ಇದು ಗೊತ್ತು. ನಗೆ ಏರುವುದನ್ನು ಅವನು ಕಿವಿಗೊಟ್ಟು ಕೇಳುತ್ತಾನೆ, ಅದು ಇಳಿಯತೊಡಗಿದಾಗ, ಪೂರ್ತಿ ಆರುವ ಮೊದಲೇ ಮುಂದಿನ ಮಾತನ್ನು ಎತ್ತಿಕೊಳ್ಳುತ್ತಾನೆ. ಆ ಬಿಡುವನ್ನು ಯಾವ ತಾಲೀಮಿನಲ್ಲೂ ಮುಂಚಿತವಾಗಿ ಗೊತ್ತುಮಾಡಲಾಗದು. ಪ್ರತಿ ಸಂಜೆಯೂ ಪ್ರೇಕ್ಷಕರೇ ಅದನ್ನು ಅಳೆದು ಕೊಡಬೇಕು. ಚಿತ್ರೀಕರಿಸಿದ ನಾಟಕದಲ್ಲಿ ಆ ಬಿಡುವು ಎಂದೋ ಒಂದು ರಾತ್ರಿ ಲಂಡನ್ನಿನ ಜನ ನಕ್ಕಷ್ಟೇ ಉದ್ದವಾಗಿ ಉಳಿದುಬಿಟ್ಟಿದೆ. ನಾವು ಅವರಿಗಿಂತ ಹೆಚ್ಚು ನಕ್ಕರೆ ಮುಂದಿನ ಮಾತು ಕೇಳಿಸದು, ಕಡಿಮೆ ನಕ್ಕರೆ ನಟನೇ ಸುಮ್ಮನೆ ನಿಂತಂತೆ ಕಾಣುತ್ತದೆ. ಆದ್ದರಿಂದ ಜನ ನಗೆಯನ್ನು ತಡೆದುಕೊಳ್ಳುತ್ತಿದ್ದರು. ಭುಜಗಳು ಅಲುಗುತ್ತಿದ್ದವು, ಮೂಗಿನಿಂದ ಉಸಿರು ಹೊರಡುತ್ತಿತ್ತು, ಬಾಯಿಗಳು ಮಾತ್ರ ಮುಚ್ಚಿದ್ದವು.

ಆ ತಡೆ ಮುರಿದದ್ದು ಲೇಡಿ ಬ್ರಾಕ್‌ನೆಲ್ ಜಾಕ್‌ನನ್ನು ಪರೀಕ್ಷಿಸುವ ದೃಶ್ಯದಲ್ಲಿ, ಅದನ್ನು ಮುರಿದವಳು ಅಮ್ಮ.

ಆ ದೃಶ್ಯದಲ್ಲಿ ಲೇಡಿ ಬ್ರಾಕ್‌ನೆಲ್ ಪುಟ್ಟ ಪುಸ್ತಕ ಮತ್ತು ಪೆನ್ಸಿಲ್ ಹಿಡಿದು ಕೂರುತ್ತಾಳೆ. ಮಗಳನ್ನು ಕೇಳಿದ ಹುಡುಗನಿಗೆ ಒಂದೊಂದಾಗಿ ಪ್ರಶ್ನೆ ಹಾಕುತ್ತಾಳೆ: ಸಿಗರೇಟು ಸೇದುತ್ತೀಯಾ, ವಯಸ್ಸೆಷ್ಟು, ವರಮಾನವೆಷ್ಟು, ಅದು ಭೂಮಿಯಿಂದಲೋ ಹೂಡಿಕೆಯಿಂದಲೋ, ಲಂಡನ್ನಿನಲ್ಲಿ ಮನೆ ಇದೆಯೇ, ಇದ್ದರೆ ಯಾವ ಬೀದಿ, ಯಾವ ನಂಬರು. ಬೆಲ್‌ಗ್ರೇವ್ ಸ್ಕ್ವೇರ್, 149 ಎಂದು ಅವನು ಹೇಳಿದರೆ, ಅದು ಬೀದಿಯ ಪ್ರತಿಷ್ಠಿತ ಬದಿಯಲ್ಲ ಎಂದು ತಲೆಯಾಡಿಸುತ್ತಾಳೆ. ಈ ಪಾತ್ರ ವಹಿಸಿದ ಶರಾನ್ ಡಿ. ಕ್ಲಾರ್ಕ್ ಅದನ್ನು ಕೆರಿಬಿಯನ್ ಮನೆತನದ ಯಜಮಾನಿತಿಯ ಗತ್ತಿನಲ್ಲಿ, ಆ ನುಡಿಯ ಏರಿಳಿತದಲ್ಲಿ ಆಡಿದರು. ಮನೆಯ ನಂಬರಿನ ಮಾತು ಬಂದಾಗ ಅಮ್ಮ ಗಟ್ಟಿಯಾಗಿ ನಕ್ಕಳು. ಅವಳ ನಗೆ ಲಂಡನ್ನಿನ ನಗೆಗಿಂತ ಒಂದು ಕ್ಷಣ ಮೊದಲೇ ಬಂತು. ನನ್ನ ಕಡೆ ಬಾಗಿ, “ಹೆಣ್ಣು ಕೊಡೋರು ಇಷ್ಟೂ ಕೇಳ್ದೆ ಇರ್ತಾರೇನೇ? ನಿಮ್ಮಪ್ಪನ್ನ ನಮ್ಮ ದೊಡ್ಡಮ್ಮ ಹೀಗೇ ಕೂರಿಸ್ಕೊಂಡು ಕೇಳಿದ್ರು, ಪುಸ್ತಕ ಒಂದಿರ್ಲಿಲ್ಲ” ಎಂದಳು. ಪಿಸುಮಾತೆಂದುಕೊಂಡು ಆಡಿದ್ದು ಮೂರು ಸಾಲಿಗೆ ಕೇಳಿಸಿತು. ಭಾಷೆ ತಿಳಿಯದಿದ್ದರೂ ದನಿ ತಿಳಿದು ಹಿಂದಿನ ಸಾಲಿನ ಹೆಂಗಸೊಬ್ಬರು ನಕ್ಕರು, ಅವರ ಗಂಡ ನಕ್ಕರು, ಅಲ್ಲಿಂದಾಚೆಗೆ ನಮ್ಮ ಮಂದಿರ ತನ್ನ ನಗೆಯನ್ನು ತಾನೇ ನಗತೊಡಗಿತು.

ಅದಾದ ಮೇಲೆ ಕೈಚೀಲದ ಮಾತು. ಜಾಕ್ ತಂದೆತಾಯಿ ಗೊತ್ತಿಲ್ಲದ ಮಗು, ವಿಕ್ಟೋರಿಯಾ ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಒಂದು ಕೈಚೀಲದೊಳಗೆ ಸಿಕ್ಕವನು. ಅದನ್ನು ಕೇಳಿ ಲೇಡಿ ಬ್ರಾಕ್‌ನೆಲ್ ಆಡುವ ‘ಎ ಹ್ಯಾಂಡ್‌ಬ್ಯಾಗ್?’ ಎಂಬ ಎರಡು ಪದಗಳ ಉದ್ಗಾರ ಇಂಗ್ಲಿಷ್ ರಂಗಭೂಮಿಯಲ್ಲೇ ಬಹಳ ಪ್ರಸಿದ್ಧ. ಈಡಿತ್ ಇವಾನ್ಸ್ ಅದನ್ನು 1952ರ ಚಲನಚಿತ್ರದಲ್ಲಿ ಎಳೆದೆಳೆದು, ದನಿಯನ್ನು ಮೇಲಕ್ಕೇರಿಸಿ ಹೇಳಿದ ಮೇಲೆ, ಆ ಪಾತ್ರಕ್ಕೆ ಬಂದ ಪ್ರತಿ ಕಲಾವಿದೆಗೂ ಅದನ್ನು ಹೇಗೆ ದಾಟುವುದೆಂಬುದೇ ಒಂದು ಪರೀಕ್ಷೆ. ನನ್ನ ಪಕ್ಕದ ಮುದುಕರ ತುಟಿಗಳು ಆ ಮಾತು ಬರುವ ಮೊದಲೇ ಅಲುಗಿದ್ದನ್ನು ಪರದೆಯ ಬೆಳಕಿನಲ್ಲಿ ಕಂಡೆ. ಅವರು ಕಾದದ್ದು ತಾವು ಬಲ್ಲ ಮಾತಿಗಾಗಿ. ಮುಂದಿನ ಸಾಲಿನ ಹುಡುಗಿಯರು ಅದನ್ನು ಮೊದಲ ಬಾರಿ ಕೇಳಿದರು. ಇಬ್ಬರೂ ನಕ್ಕರು, ಇಬ್ಬರೂ ನಿಜವಾಗಿಯೇ ನಕ್ಕರು. ಗೊತ್ತಿರುವ ಹಾಸ್ಯ ಹಳಸುತ್ತದೆ ಎಂಬ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ಮಧ್ಯಂತರದಲ್ಲಿ ಆ ಮುದುಕರು ತಾವಾಗಿಯೇ ಅಮ್ಮನನ್ನು ಮಾತಾಡಿಸಿದರು. ಶಾಲೆಯಲ್ಲಿದ್ದಾಗ ಹುಡುಗರೇ ಎಲ್ಲ ಪಾತ್ರ ಹಾಕಿ ಈ ನಾಟಕ ಆಡಿದ್ದರಂತೆ, ಇವರದು ಸೆಸಿಲಿಯ ಪಾತ್ರವಂತೆ. ಆರಂಭದ ಗುಲಾಬಿ ಗೌನು ತಮಗೆ ಬೇಡವೆನಿಸಿತು ಎಂದರು. ಅಮ್ಮ ತನ್ನ ನಿಧಾನವಾದ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಗಂಡಸರೇ ಹೆಣ್ಣು ಪಾತ್ರ ಮಾಡುತ್ತಿದ್ದ ಕಂಪನಿ ನಾಟಕಗಳ ಕಥೆಯನ್ನು ತನ್ನ ಅಜ್ಜನಿಂದ ಕೇಳಿದ್ದನ್ನೂ, ತಾನು ಚಿಕ್ಕವಳಿದ್ದಾಗ ಜನ ಒಂದು ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂದು ಕೂಗಿ ನಟನಿಂದ ಮತ್ತೆ ಹಾಡಿಸುತ್ತಿದ್ದುದನ್ನೂ ಹೇಳಿದಳು. “ಇಲ್ಲಿ ಕೂಗಿದರೆ ಯಾರಿಗೆ ಕೇಳೀತು” ಎಂದು ಪರದೆಯ ಕಡೆ ಕೈ ತೋರಿಸಿದಳು. ಅವರು ಬಹಳ ಹೊತ್ತು ತಲೆಯಾಡಿಸಿದರು.

ಎರಡನೆಯ ಅಂಕದ ಚಹಾ ದೃಶ್ಯವನ್ನು ನಾನು ಇನ್ನಷ್ಟು ಸಲ ನೋಡಬಲ್ಲೆ. ಲೇಡಿ ಬ್ರಾಕ್‌ನೆಲ್‌ಳ ಮಗಳು ಗ್ವೆಂಡೊಲಿನ್, ಜಾಕ್‌ನ ಪೋಷಣೆಯಲ್ಲಿರುವ ಹುಡುಗಿ ಸೆಸಿಲಿ, ಇಬ್ಬರೂ ಒಬ್ಬನೇ ಗಂಡಿಗೆ ತಾವು ನಿಶ್ಚಯವಾಗಿದ್ದೇವೆಂದು ತಿಳಿದು ಮುನಿದಿದ್ದಾರೆ. ಗ್ವೆಂಡೊಲಿನ್ ಸಕ್ಕರೆ ಬೇಡವೆಂದರೆ ಸೆಸಿಲಿ ಅವಳ ಬಟ್ಟಲಿಗೆ ನಾಲ್ಕು ಸಕ್ಕರೆ ತುಂಡು ಹಾಕುತ್ತಾಳೆ. ಬ್ರೆಡ್ಡು ಬೆಣ್ಣೆ ಕೇಳಿದರೆ ದೊಡ್ಡ ಕೇಕಿನ ತುಂಡು ಕತ್ತರಿಸಿ ಕೊಡುತ್ತಾಳೆ. ಬೈಗುಳದ ಒಂದು ಪದವೂ ಇಲ್ಲದ ಜಗಳ. ನಮ್ಮ ಮಂದಿರದಲ್ಲಿ ಮೊದಲ ತುಂಡಿಗೆ ನಗೆ ಬರಲಿಲ್ಲ, ಎರಡನೆಯದಕ್ಕೆ ಅಲ್ಲಲ್ಲಿ ಬಂತು, ಮೂರನೆಯದು ಬೀಳುವಾಗ ಎಲ್ಲರೂ ಒಟ್ಟಿಗೆ ಉಸಿರು ಹಿಡಿದರು, ನಾಲ್ಕನೆಯದಕ್ಕೆ ಸದ್ದು ಸಿಡಿಯಿತು. ಮಾತಿಲ್ಲದ ಕಡೆ ಮಾತು ತಪ್ಪಿಹೋಗುವ ಭಯವಿಲ್ಲ, ಹಾಗಾಗಿ ಜನ ಮನಸಾರೆ ನಕ್ಕರು.

ಈ ನಾಟಕದ ಮೊದಲ ದಿನಗಳಲ್ಲಿ ನೋಡಿ ಬರೆದ ಬರ್ನಾರ್ಡ್ ಷಾ, ಇದು ತನ್ನನ್ನು ನಗಿಸಿತು ನಿಜ, ಆದರೆ ನಗಿಸುವುದರ ಜೊತೆಗೆ ಮನಸ್ಸನ್ನೂ ತಟ್ಟದ ನಾಟಕ ಸಂಜೆಯನ್ನು ವ್ಯರ್ಥ ಮಾಡಿದಂತೆ ಎಂಬರ್ಥದ ಮಾತು ಬರೆದಿದ್ದಾನೆ. ಷಾ ಬರೆದದ್ದು 1895ರ ಫೆಬ್ರುವರಿಯಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ನೋಡಿದ್ದರೆ ಹಾಗೆ ಬರೆಯುತ್ತಿದ್ದನೇ ಎಂದು ನನಗೆ ಅನುಮಾನವಿದೆ. ನಮಗಂತೂ ಆ ಸಂಜೆ ನಾಟಕ ತಟ್ಟಿತು, ಯಾಕೆಂದರೆ ನಾವು ಕೂತಿದ್ದು ರೆಡಿಂಗ್‌ನಲ್ಲಿ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ವೈಲ್ಡ್‌ನನ್ನು ಕೂಡಿಹಾಕಿದ್ದ ಸೆರೆಮನೆ ಇದೆ.

ನಾಟಕ ಮೊದಲು ಆಡಿದ್ದು 1895ರ ಫೆಬ್ರುವರಿ 14ರಂದು, ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ, ಅದೂ ಗುರುವಾರವೇ. ಜನ ನಕ್ಕು ಸುಸ್ತಾದರು. ಅಂದು ಆಲ್ಜರ್ನನ್ ಆಗಿದ್ದ ಅಲನ್ ಐನ್ಸ್‌ವರ್ತ್, ಅಂಥ ಜಯಭೇರಿಯನ್ನು ತನ್ನ ಇಡೀ ನಟನಾ ಜೀವನದಲ್ಲಿ ಮತ್ತೆ ಕಾಣಲಿಲ್ಲವೆಂದು ನೆನಪಿಸಿಕೊಂಡಿದ್ದಾನೆ. ಗಂಡಸರೊಡನೆ ದೇಹಸಂಬಂಧವಿತ್ತೆಂದು, ಅದು ಆಗ ಅಪರಾಧವಾದ್ದರಿಂದ, ವೈಲ್ಡ್‌ನನ್ನು ಏಪ್ರಿಲ್ 5ರಂದು ಬಂಧಿಸಿದರು. ಜಾಹೀರಾತುಗಳಿಂದ ಅವನ ಹೆಸರನ್ನು ತೆಗೆದು ಕೆಲವು ವಾರ ನಾಟಕ ನಡೆಸಿದರು, ಮೇ ತಿಂಗಳಲ್ಲಿ ನಿಲ್ಲಿಸಿದರು. ಮೇ 25ರಂದು ಅವನಿಗೆ ಎರಡು ವರ್ಷ ಕಠಿಣ ಶಿಕ್ಷೆಯಾಯಿತು. ನನ್ನನ್ನು ಸದಾ ಕಾಡುವ ಒಂದು ವಿವರ ಇಲ್ಲಿದೆ. ನಾಟಕ ಮೊದಲು ನಾಲ್ಕು ಅಂಕಗಳದ್ದಾಗಿತ್ತು. ತೀರಿಸದ ಊಟದ ಬಾಕಿಗಾಗಿ ಆಲ್ಜರ್ನನ್‌ನನ್ನು ಹಾಲೊವೇ ಸೆರೆಮನೆಗೆ ಒಯ್ಯಲು ವಕೀಲನೊಬ್ಬ ಬರುವ ತಮಾಷೆಯ ಪ್ರಸಂಗ ಅದರಲ್ಲಿತ್ತು. ಅದನ್ನು ರಂಗದ ಮೇಲೆ ತರುವ ಮೊದಲೇ ಕತ್ತರಿಸಿದರು. ಕೆಲವೇ ವಾರಗಳಲ್ಲಿ ವಿಚಾರಣೆಗಾಗಿ ವೈಲ್ಡ್‌ನನ್ನು ಇಟ್ಟದ್ದು ಅದೇ ಹಾಲೊವೇಯಲ್ಲಿ.

ಕೊನೆಯಲ್ಲಿ ನಟರು ನಮಸ್ಕರಿಸಿದಾಗ ಲಂಡನ್ನಿನ ಜನ ಚಪ್ಪಾಳೆ ತಟ್ಟಿದರು. ನಮ್ಮ ಮಂದಿರದಲ್ಲಿ ಒಂದು ಅಳುಕು ಹರಿದಾಡಿತು. ಅಮ್ಮ ತಟ್ಟಲು ಶುರುಮಾಡಿದಳು. ನಾನು ಅವಳ ಕಡೆ ತಿರುಗಿದಾಗ, “ಅವರಿಗೆ ಕೇಳಿಸಲ್ಲ ಅಂತ ನಾವು ಸುಮ್ನಿರಬೇಕೇನು?” ಎಂದಳು. ಊರುಗೋಲಿನ ಮುದುಕರು ಕೋಲನ್ನು ಕುರ್ಚಿಗೆ ಒರಗಿಸಿ ಎರಡೂ ಕೈಗಳಿಂದ ತಟ್ಟಿದರು.

ಮಾರನೆಯ ಬೆಳಿಗ್ಗೆ ಅಮ್ಮ ಆ ಜೈಲನ್ನು ತೋರಿಸು ಎಂದಳು. ಕೆನೆಟ್ ನದಿಯ ಪಕ್ಕದ ದಾರಿಯಲ್ಲಿ ನಡೆದೆವು. ಒಂದು ಕಡೆ ಹಳೆಯ ಮಠದ ಪಾಳುಗೋಡೆಗಳು, ಅದರ ಬದಿಗೇ ಸೆರೆಮನೆಯ ಎತ್ತರದ ಇಟ್ಟಿಗೆ ಗೋಡೆ. ಅದನ್ನು ಮುಚ್ಚಿ ಹತ್ತು ವರ್ಷ ದಾಟಿದೆ. 2016ರಲ್ಲಿ ಕಲಾಪ್ರದರ್ಶನಕ್ಕಾಗಿ ತೆರೆದಾಗ ನಾನು ಒಳಗೆ ಹೋಗಿ, ಅವನಿದ್ದ ಸಿ.3.3 ಸಂಖ್ಯೆಯ ಕೋಣೆಯಲ್ಲಿ ನಿಂತಿದ್ದೆ. ಎತ್ತರದಲ್ಲಿ ಒಂದು ಕಿಟಕಿ, ನಾಲ್ಕು ಹೆಜ್ಜೆಗೆ ಮುಗಿಯುವ ನೆಲ. ಅಲ್ಲಿ ಅವನು ಬರೆದ ದೀರ್ಘ ಪತ್ರದಲ್ಲಿ, ಲಂಡನ್ನಿನಿಂದ ಇಲ್ಲಿಗೆ ಕರೆತಂದ ದಿನದ ವಿವರವಿದೆ. ಕ್ಲ್ಯಾಪಮ್ ಜಂಕ್ಷನ್ ನಿಲ್ದಾಣದ ನಡುವೇದಿಕೆಯಲ್ಲಿ, ನವೆಂಬರಿನ ಮಳೆಯಲ್ಲಿ, ಕೈದಿಯ ಬಟ್ಟೆಯಲ್ಲಿ, ಕೈಕೋಳ ಹಾಕಿ ಅವನನ್ನು ಅರ್ಧ ಗಂಟೆ ನಿಲ್ಲಿಸಿದ್ದರು. ಜನ ನೋಡಿ ನಕ್ಕರು. ಒಂದೊಂದು ರೈಲು ಬಂದಂತೆಲ್ಲ ಪ್ರೇಕ್ಷಕರು ಹೆಚ್ಚಿದರು. ಅವನು ಯಾರೆಂದು ತಿಳಿದ ಮೇಲೆ ಇನ್ನೂ ಜೋರಾಗಿ ನಕ್ಕರು. ಆಮೇಲೆ ಒಂದು ವರ್ಷ, ಪ್ರತಿದಿನ ಅದೇ ಹೊತ್ತಿಗೆ, ಅಷ್ಟೇ ಹೊತ್ತು ಅತ್ತೆನೆಂದು ಬರೆದಿದ್ದಾನೆ.

ಇದನ್ನು ನಾನು ಅಮ್ಮನಿಗೆ ಗೋಡೆಯ ಪಕ್ಕದಲ್ಲೇ ನಿಂತು ಹೇಳಿದೆ. ಅವಳು ಶಾಲನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಬೆರಳು ಮಡಿಸಿ ತಿಂಗಳು ಎಣಿಸಿದಳು.

“ಫೆಬ್ರುವರಿಯಿಂದ ನವೆಂಬರಿಗೆ ಒಂಬತ್ತು ತಿಂಗಳು. ಲಂಡನ್ನಿನ ಜನವೇ ತಾನೇ ಎರಡು ಕಡೆಯೂ? ಆ ನಾಟಕ ನೋಡಿ ನಕ್ಕಿದ್ದೋರು ಯಾರಾದ್ರೂ ಆ ಸ್ಟೇಷನ್ನಲ್ಲೂ ಇದ್ದಿರಬಹುದೇನೇ?”

ಇದ್ದಿರಬಹುದು ಎಂದೆ. ಫೋರ್ಬರಿ ರಸ್ತೆಯ ಆಚೆ ಲಂಡನ್ನಿನ ಕಡೆಗೆ ಒಂದು ರೈಲು ಹೋಯಿತು. ಅದರ ಸದ್ದು ನಿಲ್ಲುವವರೆಗೂ ಅಮ್ಮ ಅಲ್ಲಿಂದ ಕದಲಲಿಲ್ಲ.