ಕಲ್ಲಿನ ವಾಸನೆ ಇಲ್ಲದ ಮೈ

ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ 1600ರಲ್ಲಿ ಇಟಲಿಗೆ ಹೋದ, 1608ರವರೆಗೆ ಹೆಚ್ಚಾಗಿ ಅಲ್ಲೇ ಇದ್ದ. ರೋಮ್‌ನಲ್ಲಿ ಹಾವುಗಳ ಹಿಡಿತಕ್ಕೆ ಸಿಕ್ಕಿ ನರಳುವ ಲಾವೊಕೂನ್ ಎಂಬ ಟ್ರಾಯ್ ಪುರೋಹಿತನ ಪುರಾತನ ಶಿಲ್ಪವನ್ನು ಚಾಕ್ ಹಿಡಿದು ಮತ್ತೆ ಮತ್ತೆ ಬರೆದ. ಬೆನ್ನ ಕಡೆಯಿಂದಲೂ ಬರೆದ! ಚರ್ಮ ಸುಲಿದ ಮುಂಗೈಗಳ ಮಾಂಸಖಂಡಗಳನ್ನು ಪೆನ್ನಿನಲ್ಲಿ ಎಳೆ ಎಳೆಯಾಗಿ ಬಿಡಿಸಿದ. ಈ ಕಲಿಕೆಯೆಲ್ಲ ಬಣ್ಣಕ್ಕೆ ಹೇಗೆ ಇಳಿಯಿತು ಅಂತ ಕಣ್ಣಾರೆ ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಬೆಲ್ಜಿಯಂನ ಆಂಟ್ವರ್ಪ್‌ನ ಕೆಥೆಡ್ರಲ್‌ಗೆ ತಂಗಿಯನ್ನೂ ಕರೆದುಕೊಂಡು ಹೋದೆ. ಅವಳು ಫಿಸಿಯೋಥೆರಪಿಸ್ಟ್. ಕ್ರಿಸ್ತನ ಶಿಲುಬೆಯನ್ನು ಎತ್ತಿ ನಿಲ್ಲಿಸುವ ರೂಬೆನ್ಸ್‌ನ ಚಿತ್ರ ಅಲ್ಲಿದೆ, ಮೂರು ಹಲಗೆಗಳ ಮೇಲೆ ಬರೆದದ್ದು, 1610-11ರದ್ದು. ನಡುವಿನ ಹಲಗೆಯೇ ನಾಲ್ಕು ಮೀಟರ್‌ಗಿಂತ ಜಾಸ್ತಿ ಎತ್ತರ. ನಾನು ಕ್ರಿಸ್ತನ ಮೇಲೆತ್ತಿದ ಮುಖದಲ್ಲಿ ಲಾವೊಕೂನ್‌ನನ್ನು ಹುಡುಕುತ್ತಿದ್ದೆ. ಅವಳು ಕೆಳಗಿದ್ದ ಬೋಳುತಲೆಯವನನ್ನೇ ನೋಡುತ್ತಿದ್ದಳು.

"ಅಣ್ಣ, ಇವನು ಬರೀ ತೋಳಿನಿಂದ ಎತ್ತುತ್ತಿಲ್ಲ ನೋಡು. ಇಡೀ ಮೈ ಭಾರ ಹಾಕಿದ್ದಾನೆ. ಕ್ರಿಸ್ತನ ಕೈ ಮೇಲಕ್ಕೆ ಹೋದಾಗ ಪಕ್ಕೆ ಹೇಗೆ ಬಿಗಿದಿದೆ, ನೋಡಿದೆಯಾ?"

ಆಮೇಲೆ ನಾನೂ ಹಾಗೇ ನೋಡತೊಡಗಿದೆ. ಮಾದರಿ ಕಲ್ಲಿನದ್ದು, ಆದರೆ ಇಲ್ಲಿ ರಕ್ತ ಓಡುತ್ತಿದೆ. ಶಿಲ್ಪಗಳನ್ನು ಅನುಸರಿಸುವುದರ ಬಗ್ಗೆ ರೂಬೆನ್ಸ್ ಲ್ಯಾಟಿನ್‌ನಲ್ಲಿ ಒಂದು ಚಿಕ್ಕ ಬರಹ ಬರೆದಿದ್ದ. ಅವನು ಸತ್ತ ಎಷ್ಟೋ ವರ್ಷಗಳ ನಂತರ, 1708ರಲ್ಲಿ ಅದು ಅಚ್ಚಾಯಿತು. ಶಿಲ್ಪಗಳನ್ನು ಚೆನ್ನಾಗಿ ಅರಗಿಸಿಕೊಳ್ಳಿ, ಆದರೆ ಚಿತ್ರಕ್ಕೆ ಕಲ್ಲಿನ ವಾಸನೆ ಬರಬಾರದು ಅನ್ನುವುದು ಅದರ ಸಾರ. ಕಲ್ಲಿನ ನೆರಳು ಗಡುಸು. ಚರ್ಮದ ಮೇಲೆ ಬೆಳಕು ಬೇರೆ ಥರ ಬೀಳುತ್ತದೆ, ಮೈ ಬಾಗಿದಲ್ಲಿ ಚರ್ಮ ಮಡಚುತ್ತದೆ. ಅವನ ಕಾಲದ ಜನ ವ್ಯಾಯಾಮ ಬಿಟ್ಟು ತಿಂದು ಕುಡಿದು ಮೈ ಕೆಡಿಸಿಕೊಂಡಿದ್ದಾರೆ, ಅದಕ್ಕೇ ಹಳೆಯ ಶಿಲ್ಪಗಳು ಬೇಕು ಅಂತಲೂ ಅದರಲ್ಲಿದೆ. ಆ ಮಾತು ನನಗೆ ತುಂಬಾ ಇಷ್ಟ.

ಎದುರು ಬದಿಯಲ್ಲಿ ರೂಬೆನ್ಸ್‌ನದೇ ಇನ್ನೊಂದು, ಕ್ರಿಸ್ತನನ್ನು ಶಿಲುಬೆಯಿಂದ ಇಳಿಸುವ ಚಿತ್ರ. ಮೇಲೆ ನಿಂತ ಮುದುಕ ಬಿಳಿ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾನೆ. ಸುತ್ತ ಎಲ್ಲರ ಮೈಯೂ ಕೆಲಸದಲ್ಲಿದೆ, ನಡುವಿನ ದೇಹ ಮಾತ್ರ ಪೂರ್ತಿ ಸಡಿಲ. ತಂಗಿ ಕ್ರಿಸ್ತನ ಜೋತುಬಿದ್ದ ತಲೆ ತೋರಿಸಿ, "ಕತ್ತಿನಲ್ಲಿ ಸ್ವಲ್ಪವೂ ಹಿಡಿತ ಇಲ್ಲ. ಇದನ್ನು ಸುಮ್ನೆ ಕಲ್ಲು ನೋಡಿ ಬರೆಯೋಕೆ ಆಗಲ್ಲ ಅಲ್ವಾ?" ಅಂದಳು.